ಅಮ್ಮನ ಗೃಹಲಕ್ಷ್ಮಿ ಹಣ ಹುಡುಕಿದ ಒಂದೂವರೆ ತಿಂಗಳು

ಮೊನ್ನೆ ಸೋಮವಾರ ಅಮ್ಮನ ಪಾಸ್‌ಬುಕ್ಕಿನಲ್ಲಿ 2,000 ರೂಪಾಯಿಯ ಒಂದು ಎಂಟ್ರಿ ಬಿತ್ತು. ಆ ಒಂದು ಸಾಲು ನೋಡಲು ನಾವು ಒಂದೂವರೆ ತಿಂಗಳು ಓಡಾಡಿದೆವು. ನಮ್ಮ ಹಾಗೆ ಸುಮ್ನೆ ಕಾಯುತ್ತಾ ಕೂತವರು ಇನ್ನೂ ಎಷ್ಟೋ ಮಂದಿ ಇದ್ದಾರೆ. ಅವರಿಗೆ ದಾರಿ ಗೊತ್ತಾಗಲಿ ಅಂತ ನಡೆದದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಅಮ್ಮ ಇರುವುದು ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ನಾನು ಶಿವಮೊಗ್ಗದಲ್ಲಿ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾಯಿತು. ಮುಂದಿನ ತಿಂಗಳೇ ಅಮ್ಮ ಗ್ರಾಮ ಒನ್‌ಗೆ ಹೋಗಿ ಹೆಸರು ಬರೆಸಿದ್ದಳು. ರೇಷನ್ ಕಾರ್ಡಿನಲ್ಲಿ ಯಜಮಾನಿ ಅವಳೇ. ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾಯಿತು. ಮನೆಯಲ್ಲಿ ಆದಾಯ ತೆರಿಗೆ ಕಟ್ಟುವವರು ಯಾರೂ ಇಲ್ಲ. ಹಾಗಾಗಿ ಅರ್ಜಿಗೆ ತಕರಾರು ಬರಲಿಲ್ಲ, ಹಣವೂ ಬರತೊಡಗಿತು. ಬಿಪಿ ಮಾತ್ರೆ, ಸ್ವಸಹಾಯ ಸಂಘದ ಕಂತು, ಕರೆಂಟು ಹೋದಾಗ ಬೇಕಾಗುವ ಟಾರ್ಚಿನ ಸೆಲ್ಲು, ಎಲ್ಲ ಅದರಲ್ಲೇ ಆಗುತ್ತಿತ್ತು. ನನ್ನ ಹತ್ತಿರ ದುಡ್ಡು ಕೇಳುವುದನ್ನು ಅಮ್ಮ ನಿಲ್ಲಿಸಿದ್ದಳು. ಅವಳಿಗೆ ಅದೇ ದೊಡ್ಡ ಸಮಾಧಾನ.

ಕಳೆದ ವರ್ಷ ಮಳೆಗಾಲದಲ್ಲಿ ಒಂದು ದಿನ ಫೋನ್ ಮಾಡಿ, "ಲಕ್ಷ್ಮಿ ಬಂದಿಲ್ಲ ಮಾರಾಯ್ತಿ" ಅಂದಳು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಯಾಕೆಂದರೆ ಆಗ ಎಲ್ಲರಿಗೂ ತಡವಾಗುತ್ತಿತ್ತು. ಕೆಲವು ತಿಂಗಳು ಬರುತ್ತಿರಲಿಲ್ಲ, ಆಮೇಲೆ ಬರುತ್ತಿತ್ತು. "ಬರುತ್ತೆ ಬಿಡಮ್ಮ" ಅಂದೆ. ನಾನು ಮೋಸ ಹೋಗಿದ್ದು ಇಲ್ಲೇ. ಎಲ್ಲರಿಗೂ ತಡವಾಗುತ್ತಿರುವಾಗ ನಮಗೆ ಮಾತ್ರ ಆಗಿರುವ ತೊಂದರೆ ಕಣ್ಣಿಗೆ ಬೀಳುವುದಿಲ್ಲ. ದೀಪಾವಳಿ ಹೊತ್ತಿಗೆ ಪಕ್ಕದ ಮನೆಯ ಅಕ್ಕನಿಗೆ ಬಂತು, ಅವಳ ಓರಗಿತ್ತಿಗೂ ಬಂತು. ಅಮ್ಮನಿಗೆ ಬರಲಿಲ್ಲ. ಸಂಘದ ಸಭೆಯಲ್ಲಿ ಯಾರೋ "ನಿಮಗೆ ಯಾಕೆ ನಿಂತಿತು? ಮಗಳು ಟ್ಯಾಕ್ಸ್ ಕಟ್ಟುತ್ತಾಳಾ?" ಅಂತ ಕೇಳಿದರಂತೆ. ಅವತ್ತು ರಾತ್ರಿ ಫೋನಿನಲ್ಲಿ ಅಮ್ಮನ ದನಿ ಸಣ್ಣದಾಗಿತ್ತು. "ನಾನೇನು ಸುಳ್ಳು ಹೇಳಿ ಅರ್ಜಿ ಹಾಕಿದ್ನಾ?" ಅಂದಳು. ಅದನ್ನು ಕೇಳಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ.

ಮೊದಲು ಎಲ್ಲರ ಹಾಗೆ ಮೊಬೈಲಿನಲ್ಲೇ ಹುಡುಕಿದೆ. ಯೂಟ್ಯೂಬಿನಲ್ಲಿ "ಇಂದು ಬೆಳಿಗ್ಗೆ 10 ಗಂಟೆಗೆ ನಿಮ್ಮ ಖಾತೆಗೆ ಜಮಾ" ಅನ್ನುವ ವಿಡಿಯೋಗಳು ಸಾಲುಸಾಲಾಗಿ ಬಂದವು. ಅದರಲ್ಲೊಂದು ಆರು ತಿಂಗಳ ಹಿಂದಿನದು. ಕೆಳಗೆ ನೂರಾರು ಹೆಂಗಸರು ತಮ್ಮ ಊರು, ಫೋನ್ ನಂಬರು, ಕೆಲವರು ಆಧಾರ್ ನಂಬರನ್ನೂ ಬರೆದು "ಸಾರ್, ನನಗೆ ಬಂದಿಲ್ಲ, ಹಾಕಿಸಿ" ಅಂತ ಬೇಡಿಕೊಂಡಿದ್ದರು. ಓದಿ ಹೊಟ್ಟೆ ಉರಿಯಿತು. ದಯವಿಟ್ಟು ಹಾಗೆ ಬರೆಯಬೇಡಿ. ವಿಡಿಯೋ ಮಾಡಿದವರ ಕೈಯಲ್ಲಿ ನಿಮ್ಮ ಹಣ ಹಾಕಿಸುವ ಅಧಿಕಾರ ಇಲ್ಲ, ಆದರೆ ಆ ನಂಬರು ಕಳ್ಳರ ಕಣ್ಣಿಗೆ ಬೀಳುತ್ತದೆ. ಊರಿನ ವಾಟ್ಸಾಪ್ ಗುಂಪಿನಲ್ಲಿ ಗೃಹಲಕ್ಷ್ಮಿ ಹೆಸರಿನ ಒಂದು ಎಪಿಕೆ ಫೈಲೂ (ಒತ್ತಿದರೆ ಫೋನಿಗೆ ಆ್ಯಪ್ ಹಾಕಿಬಿಡುವ ಫೈಲು) ಓಡಾಡುತ್ತಿತ್ತು. ಅಂಥದ್ದನ್ನು ಒತ್ತಬೇಡಿ. ಒತ್ತಿ ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಡಿಸೆಂಬರಿನಲ್ಲಿ ರಜೆ ಹಾಕಿ ಊರಿಗೆ ಹೋದೆ. ಸೊಸೈಟಿ ಪಕ್ಕದ ಚಹಾ ಅಂಗಡಿಯಲ್ಲಿ ವಿಷಯ ತೆಗೆದದ್ದೇ ತಡ, ಎಲ್ಲರೂ ಒಂದೊಂದು ಕಾರಣ ಹೇಳಿದರು. ನಮ್ಮ ಪಂಚಾಯಿತಿಗೆ ಚುನಾವಣೆ ಆಗಿದ್ದು 2020ರ ಡಿಸೆಂಬರಿನಲ್ಲಿ. ಐದು ವರ್ಷದ ಅವಧಿ ಮುಗಿಯುತ್ತಾ ಬಂದಿತ್ತು. ಹಾಗಾಗಿ ಎಲ್ಲರ ಮಾತೂ ಚುನಾವಣೆಯ ಬಣ್ಣ ಪಡೆಯುತ್ತಿತ್ತು. ಒಬ್ಬರು "ಸರ್ಕಾರದ ಹತ್ರ ದುಡ್ಡೇ ಇಲ್ಲ" ಅಂದರು. ಇನ್ನೊಬ್ಬರು "ಬ್ಯಾಂಕಿನವರೇ ಸಾಲಕ್ಕೆ ಮುರಕೊಂಡಿದಾರೆ" ಅಂದರು. ಪಂಚಾಯಿತಿ ಸದಸ್ಯರು ಮಾತ್ರ ಖಚಿತವಾಗಿ "ನಿಮ್ಮಮ್ಮನ ಹೆಸರು ಡಿಲೀಟ್ ಆಗಿದೆ. ನಾನು ತಾಲ್ಲೂಕು ಸಮಿತಿಯಲ್ಲಿ ಹೇಳಿ ಸೇರಿಸ್ತೀನಿ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಅದರಲ್ಲಿ ಸಂಶಯ ಇಲ್ಲ. ಆದರೆ ಅಮ್ಮನ ಅರ್ಜಿಯನ್ನು ಅವರಲ್ಲಿ ಯಾರೂ ನೋಡಿರಲಿಲ್ಲ. ಹೆಸರು ಡಿಲೀಟ್ ಆಗಿದೆ ಅಂದದ್ದೇ ಅಮ್ಮ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟಳು.

ಮರುದಿನ ಬೆಳಿಗ್ಗೆ ಎಂಟೂವರೆ ಬಸ್ಸು ಹಿಡಿದೆವು. ನಾನು ಶಿವಮೊಗ್ಗದಿಂದ ಸಾಗರಕ್ಕೆ ಸುಮಾರು 70 ಕಿಲೋಮೀಟರು ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯ ಟಿಕೆಟ್ಟಿನಲ್ಲಿ ಬರುತ್ತೇನೆ. ಆದರೆ ಸಾಗರದಿಂದ ನಮ್ಮೂರಿಗೆ ಇರುವುದು ಖಾಸಗಿ ಬಸ್ಸು ಮಾತ್ರ. ಅದರಲ್ಲಿ ಶಕ್ತಿ ನಡೆಯುವುದಿಲ್ಲ. ಅಮ್ಮನಿಗೆ ಪ್ರತಿ ಸಲ ಹೋಗಿ ಬರಲು 70 ರೂಪಾಯಿ. ಬರಬೇಕಾದ ಹಣ ಬಾರದೇ ಇರುವಾಗ ಆ 70 ರೂಪಾಯಿಯೂ ಭಾರ, ಅಲ್ವಾ?

ಬ್ಯಾಂಕಿನಲ್ಲಿ ಎರಡು ಗಂಟೆ ಕಾದೆವು. ಪಾಸ್‌ಬುಕ್ ಪ್ರಿಂಟರ್ ಕೆಟ್ಟಿತ್ತು. ಕೌಂಟರಿನವರು ಕಂಪ್ಯೂಟರ್ ನೋಡಿ, "ಆಧಾರ್ ಲಿಂಕ್ ಆಗಿದೆ. ನಮ್ಮ ಕಡೆ ಏನೂ ತೊಂದರೆ ಇಲ್ಲ. ಇಲಾಖೆಗೆ ಹೋಗಿ ಕೇಳಿ" ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಅರ್ಧ ಸತ್ಯ. ಇದು ನನಗೆ ಆಮೇಲೆ ಗೊತ್ತಾಯಿತು.

ಗೃಹಲಕ್ಷ್ಮಿ ನೋಡಿಕೊಳ್ಳುವುದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ. ತಾಲ್ಲೂಕಿನಲ್ಲಿ ಅದರ ಆಫೀಸಿಗೆ ಜನ ಸಿಡಿಪಿಒ ಆಫೀಸು ಅನ್ನುತ್ತಾರೆ. ನಾವು ಹೋದಾಗ ಊಟದ ಹೊತ್ತು. ಹೊರಗಿನ ಬೆಂಚಿನಲ್ಲಿ ನಮ್ಮ ಹಾಗೇ ಐದು ಜನ. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಕವರಿನಲ್ಲಿ ಅದೇ ಕಾಗದಗಳು: ರೇಷನ್ ಕಾರ್ಡು, ಆಧಾರ್, ಪಾಸ್‌ಬುಕ್. ಮೂರು ಗಂಟೆಗೆ ನಮ್ಮ ಸರದಿ ಬಂತು. ಅಲ್ಲಿದ್ದ ಮೇಡಂ ರೇಷನ್ ಕಾರ್ಡ್ ನಂಬರ್ ಹಾಕಿ ನೋಡಿ, ತಲೆ ಎತ್ತಿ ಹೇಳಿದರು:

"ಅಮ್ಮಾ, ನಿಮ್ಮ ಹಣ ಹೋಗಿದೆಯಲ್ಲ. ಒಂದು ಕಂತೂ ನಿಂತಿಲ್ಲ."

"ಹೋಗಿದೆ ಅಂದ್ರೆ? ಯಾರು ತಗೊಂಡ್ರು?" ಅಂದಳು ಅಮ್ಮ.

"ಯಾರೂ ತಗೊಂಡಿಲ್ಲ. ನಿಮ್ಮ ಆಧಾರ್‌ಗೆ ಸೇರಿರೋ ಯಾವುದೋ ಬ್ಯಾಂಕಿಗೆ ಹೋಗಿದೆ. ಯಾವ ಬ್ಯಾಂಕು ಅಂತ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ನೋಡಿ. ಡಿಬಿಟಿ ಅಂದ್ರೆ ಸರ್ಕಾರ ನೇರವಾಗಿ ಖಾತೆಗೆ ಹಾಕೋ ಹಣ."

ಆ ಮೇಡಂ ಎರಡು ನಿಮಿಷ ಕೂರಿಸಿ ಬಿಡಿಸಿ ಹೇಳಿದರು. ಅದೇ ನಮ್ಮನ್ನು ಉಳಿಸಿತು. ಅವರಿಂದ ಕಲಿತದ್ದನ್ನು ನಿಮಗೂ ಹೇಳುತ್ತೇನೆ. ಸರ್ಕಾರ ಈ ಹಣವನ್ನು ನಿಮ್ಮ ಅಕೌಂಟ್ ನಂಬರ್ ನೋಡಿ ಕಳಿಸುವುದಿಲ್ಲ. ಆಧಾರ್ ನಂಬರ್ ನೋಡಿ ಕಳಿಸುತ್ತದೆ. ಯಾವ ಆಧಾರ್ ಯಾವ ಬ್ಯಾಂಕಿಗೆ ಅನ್ನುವ ಪಟ್ಟಿ ಎನ್‌ಪಿಸಿಐ ಅನ್ನುವ ಸಂಸ್ಥೆಯ ಹತ್ತಿರ ಇದೆ. ನಿಮಗೆ ನಾಲ್ಕು ಬ್ಯಾಂಕಿನಲ್ಲಿ ಖಾತೆ ಇರಬಹುದು, ನಾಲ್ಕಕ್ಕೂ ಆಧಾರ್ ಕೊಟ್ಟಿರಬಹುದು. ಆದರೆ ಆ ಪಟ್ಟಿಯಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕು. ಕೊನೆಗೆ ಯಾವುದನ್ನು ಸೇರಿಸಿದ್ದಾರೋ ಅದಕ್ಕೇ ಹಣ ಹೋಗುತ್ತದೆ. ಬ್ಯಾಂಕಿನವರು "ಲಿಂಕ್ ಆಗಿದೆ" ಅಂದರೆ ಅವರ ಪುಸ್ತಕದಲ್ಲಿ ನಿಮ್ಮ ಆಧಾರ್ ಇದೆ ಅಂತ ಅಷ್ಟೇ ಅರ್ಥ. ಎನ್‌ಪಿಸಿಐ ಪಟ್ಟಿಯಲ್ಲಿ ಯಾವ ಬ್ಯಾಂಕು ಇದೆ ಅನ್ನುವುದು ಬೇರೆಯೇ ಪ್ರಶ್ನೆ. ಅದನ್ನೇ ಕೇಳಬೇಕು.

ಆ್ಯಪ್ ಅವತ್ತೇ ಹಾಕಿಕೊಂಡೆ. ಆಧಾರ್ ನಂಬರ್ ಹಾಕಿದೆ. ಒಟಿಪಿ ಬರಲೇ ಇಲ್ಲ. ಬಂದಿದ್ದು ಅಮ್ಮನ ಹಳೇ ನಂಬರಿಗೆ. ಮನೆ ಹತ್ತಿರ ಸಿಗ್ನಲ್ ಸಿಗುವುದಿಲ್ಲ ಅಂತ ಅವಳು ಆ ಸಿಮ್ ಬಿಟ್ಟು ಹೊಸದು ತಗೊಂಡಿದ್ದಳು. ಆಧಾರ್‌ನಲ್ಲಿ ನಂಬರ್ ಬದಲಾಯಿಸಿರಲಿಲ್ಲ. ಹಾಗಾಗಿ ಮೊದಲು ಅದನ್ನು ಸರಿಮಾಡಬೇಕಾಯಿತು.

ಆಧಾರ್ ಕೆಲಸಕ್ಕೆ ನಾವು ಅಂಚೆ ಕಚೇರಿಗೆ ಹೋದೆವು. ಬೆಳಿಗ್ಗೆ ಬೇಗ ಹೋಗಿ ಟೋಕನ್ ತಗೊಳ್ಳಿ, ಹತ್ತು ಗಂಟೆಯ ಮೇಲೆ ಹೋದರೆ ಸಿಗುವುದು ಕಷ್ಟ. ನಮಗೆ ಟೋಕನ್ ಸಿಕ್ಕಿತು, ಆದರೆ ಬೆರಳು ಕೈಕೊಟ್ಟಿತು.

ಅಮ್ಮ ನಲವತ್ತು ವರ್ಷದಿಂದ ಅಡಿಕೆ ಸುಲಿಯುತ್ತಾಳೆ. ಅದು ಕೊಯ್ಲಿನ ಸಮಯ. ರಾತ್ರಿ ಹತ್ತರ ತನಕ ಮೆಟ್ಟುಗತ್ತಿ ಮುಂದೆ ಕೂತಿರುತ್ತಾಳೆ. ಎರಡೂ ಕೈ ಅಡಿಕೆಯ ಚೊಗರು ಹತ್ತಿ ಕಪ್ಪಾಗಿದ್ದವು. ಹೆಬ್ಬೆರಳ ತುದಿ ಒರಟಾಗಿ, ಉದ್ದಕ್ಕೆ ಸಣ್ಣ ಸಣ್ಣ ಸೀಳು ಬಿಟ್ಟಿತ್ತು. ಮೆಷಿನ್ ಮೇಲೆ ಇಟ್ಟರೆ ಕೆಂಪು ದೀಪ. ಒರೆಸಿ ಇಟ್ಟರೂ ಕೆಂಪು. ಎಡಗೈ ಇಟ್ಟರೂ ಕೆಂಪು. ಹಿಂದೆ ಸಾಲು ಬೆಳೆಯುತ್ತಿತ್ತು. ಅಮ್ಮ ಸೆರಗಿನಲ್ಲಿ ಬೆರಳು ಉಜ್ಜಿ ಉಜ್ಜಿ ಇಡುತ್ತಿದ್ದಳು. ಕೆಲಸ ಮಾಡಿದ ಕೈಗೆ ಅವಳು ನಾಚಿಕೊಳ್ಳುವುದನ್ನು ನಾನು ಜೀವನದಲ್ಲಿ ಮೊದಲ ಸಲ ನೋಡಿದೆ. ನನಗೆ ಗಂಟಲು ಕಟ್ಟಿತು.

ಅಂಚೆಯವರು ಬೇಸರ ಮಾಡಲಿಲ್ಲ. "ಬಣ್ಣಕ್ಕಿಂತ ಗೆರೆ ಸವೆದದ್ದೇ ತೊಂದರೆ ಅಮ್ಮಾ. ಎರಡು ದಿನ ಕತ್ತಿ ಮುಟ್ಟಬೇಡಿ, ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ, ಬೆಳಿಗ್ಗೆ ಬಿಸಿನೀರಲ್ಲಿ ತೊಳೆದು ಚೆನ್ನಾಗಿ ಒರೆಸಿಕೊಂಡು ಬನ್ನಿ. ಬೆರಳಚ್ಚನ್ನೂ ಹೊಸದಾಗಿ ಕೊಟ್ಟುಬಿಡಿ" ಅಂದರು. ಇನ್ನೊಂದು ಉಪಯೋಗದ ಮಾತೂ ಹೇಳಿದರು. ಮೊಬೈಲ್ ನಂಬರ್ ಒಂದನ್ನೇ ಬದಲಾಯಿಸಿದರೆ 75 ರೂಪಾಯಿ. ಬೆರಳಚ್ಚು, ಕಣ್ಣು ಹೊಸದಾಗಿ ಕೊಟ್ಟರೆ 125. ಅದರ ಜೊತೆಗೇ ಮೊಬೈಲ್ ನಂಬರನ್ನೂ ಬದಲಾಯಿಸಬಹುದು, ಅದಕ್ಕೆ ಬೇರೆ ಕೊಡಬೇಕಿಲ್ಲ. ತೋಟದ ಕೆಲಸ, ಬೀಡಿ ಕಟ್ಟುವ ಕೆಲಸ, ಪಾತ್ರೆ ಕೆಲಸ ಮಾಡುವವರಿಗೆ ಎರಡನೆಯದೇ ಒಳ್ಳೆಯದು. ಮುಂದೆ ಸೊಸೈಟಿಯಲ್ಲೂ ಹೆಬ್ಬೆಟ್ಟು ಕೊಡುವಾಗ ಪರದಾಡುವುದು ಕಡಿಮೆಯಾಗುತ್ತದೆ.

ಮೂರನೇ ದಿನ ಮತ್ತೆ ಹೋದೆವು. ಈ ಸಲ ಹಸಿರು ದೀಪ ಬಂತು. ಕೊಟ್ಟ ರಸೀದಿಯನ್ನು ಜೋಪಾನ ಮಾಡಿ, ಅದರಲ್ಲಿರುವ ನಂಬರಿನಿಂದಲೇ ಕೆಲಸ ಎಲ್ಲಿಗೆ ಬಂತು ಅಂತ ನೋಡಬೇಕು. ನಮಗೆ ಆರು ದಿನಕ್ಕೆ ಆಯಿತು.

ಅಷ್ಟರಲ್ಲಿ ನಾನು ಶಿವಮೊಗ್ಗಕ್ಕೆ ವಾಪಸ್ ಬಂದಿದ್ದೆ. ಆ್ಯಪ್ ನನ್ನ ಮೊಬೈಲಿನಲ್ಲಿ, ಒಟಿಪಿ ಬರುವುದು ಅಮ್ಮನ ಬಟನ್ ಫೋನಿಗೆ. ಮೆಸೇಜ್ ಬಂದಮೇಲೆ ಅಮ್ಮ ಅದನ್ನು ತೆರೆಯಬೇಕು, ಓದಬೇಕು, ಇನ್ನೊಂದು ಫೋನಿನಿಂದ ನನಗೆ ಹೇಳಬೇಕು. ಪಕ್ಕದ ಮನೆ ಅಕ್ಕ ತನ್ನ ಫೋನ್ ಹಿಡಿದು ನಿಂತಳು. ಎರಡು ಸಲ ಸಮಯ ಮೀರಿತು. ಮೂರನೇ ಸಲ ಅಮ್ಮ ಒಂದೊಂದೇ ಅಂಕಿಯನ್ನು ಮಗ್ಗಿ ಒಪ್ಪಿಸುವ ಹಾಗೆ ಹೇಳಿದಳು. ಪಿನ್ ಇಟ್ಟು ಒಳಗೆ ಹೋದೆ. ಕಂತುಗಳ ಪಟ್ಟಿ ಬಂತು. ಆರು ಕಂತು, ಒಟ್ಟು 12,000 ರೂಪಾಯಿ. ಎಲ್ಲ ಜಮಾ ಆಗಿದೆ. ಮುಂದೆ ಬ್ಯಾಂಕಿನ ಹೆಸರು. ನಾವು ಕೇಳಿಯೇ ಇರದ ಒಂದು ಪೇಮೆಂಟ್ಸ್ ಬ್ಯಾಂಕು.

"ಆ ಬ್ಯಾಂಕು ಸಾಗರದಲ್ಲಿ ಎಲ್ಲಿದೆ?" ಅಂತ ಕೇಳಿದಳು ಅಮ್ಮ. ಅದಕ್ಕೆ ಬ್ಯಾಂಕಿನ ಹಾಗೆ ಕಟ್ಟಡವೇ ಇಲ್ಲ ಅಂತ ಅವಳಿಗೆ ಅರ್ಥ ಮಾಡಿಸಲು ಬಹಳ ಹೊತ್ತು ಬೇಕಾಯಿತು. ರಿಸರ್ವ್ ಬ್ಯಾಂಕ್ 2015ರಲ್ಲಿ ಇಂಥ ಬ್ಯಾಂಕುಗಳಿಗೆ ಒಪ್ಪಿಗೆ ಕೊಟ್ಟಿತು. ಇವು ಸಾಲ ಕೊಡುವುದಿಲ್ಲ, 2 ಲಕ್ಷಕ್ಕಿಂತ ಜಾಸ್ತಿ ಇಟ್ಟುಕೊಳ್ಳುವುದಿಲ್ಲ. ಹೆಚ್ಚಿನ ಕೆಲಸ ಫೋನಿನಲ್ಲಿ, ಇಲ್ಲವೇ ಚಿಕ್ಕ ಅಂಗಡಿಗಳಲ್ಲಿ ನಡೆಯುತ್ತದೆ. ಆದರೆ ಅಮ್ಮನಿಗೆ ಅಲ್ಲಿ ಖಾತೆ ಮಾಡಿಸಿದ್ದು ಯಾರು?

ಉತ್ತರ ಸಿಕ್ಕಿದ್ದು ಅಡುಗೆ ಮನೆಯ ಗೋಡೆಯಲ್ಲಿ. ಅಮ್ಮನಿಗೆ ಒಂದು ಅಭ್ಯಾಸ. ಗ್ಯಾಸ್ ಬಂದ ದಿನ, ಹಾಲಿನ ಲೆಕ್ಕ, ದನ ಗಬ್ಬ ನಿಂತ ದಿನ, ಎಲ್ಲವನ್ನೂ ಕ್ಯಾಲೆಂಡರಿನ ಚೌಕದಲ್ಲಿ ಬರೆಯುತ್ತಾಳೆ. ಗೃಹಲಕ್ಷ್ಮಿ ಬಂದ ದಿನ ಕೆಂಪು ಪೆನ್ನಿನಲ್ಲಿ "ಲ" ಅಂತ ಒಂದೇ ಅಕ್ಷರ. ಫೋನಿನಲ್ಲೇ "ಕೊನೇ ಲ ಯಾವಾಗ ಇದೆ ನೋಡಮ್ಮ" ಅಂದೆ. ಹಾಳೆ ಹಿಂದಕ್ಕೆ ಮಗುಚುವ ಸದ್ದು ಕೇಳಿಸಿತು. ಏಪ್ರಿಲ್ ಮೊದಲ ವಾರದಲ್ಲಿ ಒಂದಿತ್ತು. ಆಮೇಲೆ ಇಲ್ಲ. ಅದೇ ತಿಂಗಳ ಇನ್ನೊಂದು ಚೌಕದಲ್ಲಿ ನೀಲಿ ಪೆನ್ನಿನಲ್ಲಿ ಬರೆದಿದ್ದಳು: "ಸಿಮ್ ಬದಲು, ಸಂತೆ."

ಸಂತೆ ದಿನ ಬಸ್ ಸ್ಟ್ಯಾಂಡ್ ಪಕ್ಕ ಕೊಡೆ ಹಾಕಿಕೊಂಡು ಸಿಮ್ ಮಾರುವ ಹುಡುಗನ ಹತ್ತಿರ ತಗೊಂಡಿದ್ದಳು. "ಎಷ್ಟು ಸಲ ಹೆಬ್ಬೆಟ್ಟು ಒತ್ತಿಸಿಕೊಂಡ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡು ಸಲ. ಮೊದಲನೇದು ಸರಿಯಾಗಿಲ್ಲ ಅಂತ ನಾನೇ ಅಂದುಕೊಂಡೆ" ಅಂದಳು. ಒಂದು ಸಿಮ್‌ಗೆ. ಇನ್ನೊಂದು ಖಾತೆಗೆ.

ಇದು ನಮ್ಮೊಬ್ಬರಿಗೇ ಆದದ್ದಲ್ಲ. ದೇಶದಲ್ಲಿ 2017ರಲ್ಲೇ ಹೀಗಾಗಿತ್ತು. ಸಿಮ್ ಪರಿಶೀಲನೆಗೆ ಅಂತ ಆಧಾರ್ ಕೊಟ್ಟ ಜನರ ಗ್ಯಾಸ್ ಸಬ್ಸಿಡಿ ಅವರಿಗೇ ಗೊತ್ತಿಲ್ಲದ ಪೇಮೆಂಟ್ಸ್ ಬ್ಯಾಂಕ್ ಖಾತೆಗೆ ಹೋಗಿತ್ತು. ಆಗ ಆಧಾರ್ ಪ್ರಾಧಿಕಾರ ಆ ಸಿಮ್ ಕಂಪನಿಯ ಇ-ಕೆವೈಸಿಯನ್ನೇ, ಅಂದರೆ ಆಧಾರ್ ಬಳಸಿ ಗ್ರಾಹಕರ ಗುರುತು ಪರೀಕ್ಷಿಸುವುದನ್ನೇ, ಕೆಲವು ದಿನ ತಡೆದಿತ್ತು. ಸಿಮ್ ತಗೊಳ್ಳುವಾಗ ಒಂದು ಸಲಕ್ಕಿಂತ ಜಾಸ್ತಿ ಬೆರಳು ಕೇಳಿದರೆ, ಯಾಕೆ ಅಂತ ಕೇಳಿ. ಪರದೆ ತೋರಿಸಲು ಹೇಳಿ. ಓದಲು ಬಾರದ ತಂದೆ ತಾಯಿಯನ್ನು ಒಬ್ಬರನ್ನೇ ಕಳಿಸಬೇಡಿ.

ಹಣ ಎಲ್ಲೂ ಹೋಗಿಲ್ಲ ಅಂತ ಗೊತ್ತಾದ ಮೇಲೆ ಅರ್ಧ ಜೀವ ಬಂತು. ಮತ್ತೆ ರಜೆ ಹಾಕಿ ಸಾಗರಕ್ಕೆ ಹೋದೆ. ಆ ಬ್ಯಾಂಕಿನ ಬೋರ್ಡು ಹಾಕಿಕೊಂಡ ಒಂದು ಮೊಬೈಲ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ದುಡ್ಡು ತೆಗೆಯಬಹುದು. ಒಂದು ಸಲಕ್ಕೆ 10,000 ಮಾತ್ರ. ಮೊದಲ ದಿನ ಅವರ ಹತ್ತಿರ ಅಷ್ಟು ಕ್ಯಾಶ್ ಇರಲಿಲ್ಲ. ಎರಡನೇ ದಿನ ಬೆರಳು ಒಂದೇ ಸಲಕ್ಕೆ ಓಕೆ ಆಯಿತು. ಅಂಚೆ ಕಚೇರಿಯಲ್ಲಿ ಕೊಟ್ಟ 125 ರೂಪಾಯಿ ಅಲ್ಲೇ ವಸೂಲಾಯಿತು ಅನ್ನಿಸಿತು. ಅಂಗಡಿಯವರು 200 ರೂಪಾಯಿ ಕಮಿಷನ್ ಕೇಳಿದರು. "ರಸೀದಿ ಕೊಡಿ, ಕೊಡ್ತೀನಿ" ಅಂದೆ. ಆಮೇಲೆ ಕೇಳಲಿಲ್ಲ. ಎರಡು ಸಲಕ್ಕೆ ತೆಗೆದ 12,000 ರೂಪಾಯಿಯನ್ನು ಅಮ್ಮ ಮೂರು ಸಲ ಎಣಿಸಿ, ಸೊಂಟದ ಚೀಲಕ್ಕೆ ಹಾಕಿ, ಬಸ್ ಸ್ಟ್ಯಾಂಡಿನ ತನಕ ಕೈ ತೆಗೆಯದೇ ನಡೆದಳು.

ಅದೇ ದಿನ ಮಧ್ಯಾಹ್ನ ನಮ್ಮ ಹಳೇ ಬ್ಯಾಂಕಿಗೆ ಹೋದೆವು. ಈ ಸಲ ಏನು ಕೇಳಬೇಕು ಅಂತ ನನಗೆ ಗೊತ್ತಿತ್ತು. ನೀವೂ ಹೀಗೇ ಕೇಳಿ: "ಆಧಾರ್ ಲಿಂಕ್ ಆಗಿದೆ ಅಂತ ಗೊತ್ತು. ಎನ್‌ಪಿಸಿಐ ಮ್ಯಾಪಿಂಗ್ ಬೇರೆ ಬ್ಯಾಂಕಿಗಿದೆ. ಡಿಬಿಟಿ ಹಣ ಈ ಖಾತೆಗೆ ಬರೋ ಹಾಗೆ ಬದಲಾಯಿಸಿಕೊಡಿ." ಅದಕ್ಕೆ ಒಂದು ಒಪ್ಪಿಗೆ ಫಾರಂ ಇದೆ. ಅದರಲ್ಲಿ ಈಗ ಯಾವ ಬ್ಯಾಂಕಿಗೆ ಹೋಗುತ್ತಿದೆ ಅನ್ನುವುದನ್ನೂ ಬರೆಯಬೇಕು. ಆ ಹೆಸರು ಗೊತ್ತಿಲ್ಲದೆ ಹೋದರೆ ಕೆಲಸ ಅರ್ಧಕ್ಕೆ ನಿಲ್ಲಬಹುದು. ಆಧಾರ್ ಮತ್ತು ಪಾಸ್‌ಬುಕ್ ಜೆರಾಕ್ಸ್ ಜೊತೆಗಿಡಿ, ಫಾರಂ ಕೊಟ್ಟಿದ್ದಕ್ಕೆ ಸೀಲು ಹಾಕಿಸಿಕೊಳ್ಳಿ. ಎರಡು ದಿನದಲ್ಲಿ ಆಗುತ್ತೆ ಅಂದಿದ್ದರು. ಒಂಬತ್ತು ದಿನ ಆಯಿತು. ದಿನಾ ರಾತ್ರಿ ಮೈ ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡುತ್ತಿದ್ದೆ. ಆ್ಯಪ್ ಇಲ್ಲದಿದ್ದರೂ ಅಲ್ಲಿ ಒಟಿಪಿ ಹಾಕಿ ಬ್ಯಾಂಕಿನ ಹೆಸರು ನೋಡಬಹುದು. ಒಂಬತ್ತನೇ ದಿನ ನಮ್ಮ ಬ್ಯಾಂಕಿನ ಹೆಸರು ಕಂಡಾಗ, ಮಲಗಿದ್ದ ಗಂಡನನ್ನು ಎಬ್ಬಿಸಿ ತೋರಿಸಿದೆ.

ಖರ್ಚು ಇಷ್ಟು: ಅಮ್ಮನ ಬಸ್ಸಿಗೆ 420, ಆಧಾರ್‌ಗೆ 125, ಜೆರಾಕ್ಸ್‌ಗೆ 40. ಒಟ್ಟು 585 ರೂಪಾಯಿ. ನನ್ನ ರಜೆ, ಅಮ್ಮನ ಸುಲಿಯುವ ಕೆಲಸ ನಿಂತದ್ದು ಬೇರೆ. ಆ ಇನ್ನೊಂದು ಖಾತೆ ಮುಚ್ಚಿಸುವುದು ಬಾಕಿ ಇದೆ. ಮುಂದಿನ ಸಲ ಹೋದಾಗ ಮಾಡಬೇಕು.

ಪಂಚಾಯಿತಿ ಸದಸ್ಯರಿಗೂ ಹೋಗಿ ವಿಷಯ ಹೇಳಿದೆ. ಹೆಸರು ಡಿಲೀಟ್ ಆಗಿರಲಿಲ್ಲ ಅಂತ ಕೇಳಿ ಅವರಿಗೂ ಆಶ್ಚರ್ಯವಾಯಿತು. ವಾರ್ಡಿನಲ್ಲಿ ಹಣ ಬಾರದವರ ಪಟ್ಟಿ ಬರೆದುಕೊಂಡು, ಬ್ಯಾಂಕಿನ ಹೆಸರು ನೋಡುವುದು ಹೇಗೆ ಅಂತ ನನ್ನಿಂದ ಹೇಳಿಸಿಕೊಂಡರು.

ನಿನ್ನೆ ಅಮ್ಮ ಫೋನ್ ಮಾಡಿದ್ದಳು. ಹೊಸ ಕ್ಯಾಲೆಂಡರಿನ ಮೊದಲ "ಲ" ಬರೆದಾಯಿತಂತೆ. ಆಚೆ ಕೇರಿಯ ಒಬ್ಬರು ಪಾಸ್‌ಬುಕ್ ಹಿಡಿದು ಜಗಲಿಗೆ ಬಂದು ಕೂತಿದ್ದರು. ಅವರಿಗೂ ಐದು ತಿಂಗಳಿಂದ ಬಂದಿಲ್ಲ. ಅಮ್ಮ ನನ್ನ ಜೊತೆ ಮಾತಾಡುವುದನ್ನು ನಿಲ್ಲಿಸಿ ಅವರ ಕಡೆ ತಿರುಗಿ, "ಹೆದರಬೇಡ ಮಾರಾಯ್ತಿ, ಮೊದಲು ಇದು ಹೇಳು, ನೀ ಸಿಮ್ ಯಾವಾಗ ತಗೊಂಡಿದ್ದು?" ಅಂತ ಕೇಳುತ್ತಿದ್ದಳು.